ಮಡಚು ಚಾಕುವಿನ ಮೇಲೆ ಬಳ್ಳಿ ಕೆತ್ತುವುದು: ಬಿಚ್ಚುವುದರಿಂದ ಮತ್ತೆ ಜೋಡಿಸುವವರೆಗೆ

ನಾನು ಕೆತ್ತಿದ ಮೊದಲ ಮಡಚು ಚಾಕು ಈಗಲೂ ಕೊಪ್ಪಳದ ನಮ್ಮ ಮನೆಯ ಮೇಜಿನ ಮೇಲೇ ಇದೆ. ಯಾರಿಗೂ ಕೊಡುವ ಹಾಗಿಲ್ಲ. ತೆರೆದರೆ ಕಿರ್ರ್ ಅನ್ನುತ್ತದೆ. ಅಲಗಿನ ಎರಡೂ ಬದಿಗೆ ಅರ್ಧಚಂದ್ರದ ಹಾಗೆ ಗೀರು ಬಿದ್ದಿದೆ. ಕೆತ್ತನೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೆ ಚಾಕುವನ್ನು ಬಿಚ್ಚದೆ ಹಾಗೇ ವೈಸ್‌ಗೆ ಸಿಕ್ಕಿಸಿ ಕೆತ್ತಿದ್ದೆ. ಉಳಿ ಎಬ್ಬಿಸಿದ ಸಣ್ಣ ಸಣ್ಣ ಚೂರುಗಳು ಸಂದಿಗೆ ಇಳಿದು ಕೂತಿದ್ದವು. ನಾನು ಖುಷಿಯಲ್ಲಿ ಹತ್ತು ಸಲ ತೆರೆದು ಮುಚ್ಚಿದೆ. ಅಷ್ಟಕ್ಕೇ ಮುಗಿಯಿತು.

ಹಾಗಾಗಿ ಶುರುವಿನಲ್ಲೇ ಹೇಳುತ್ತೇನೆ: ಬಿಚ್ಚಲು ಬಾರದ ಚಾಕುವನ್ನು ಕೆತ್ತಲು ಹೋಗಬೇಡಿ.

ಯಾವ ಚಾಕು, ಅದರಲ್ಲಿ ಯಾವ ಜಾಗ

ಮಡಚು ಚಾಕುವಿನಲ್ಲಿ ಏನೇನಿದೆ ನೋಡಿ. ಒಂದು ಅಲಗು. ಅದು ತಿರುಗುವ ಮೊಳೆ, ಅಂದರೆ ತಿರುಗಣಿ. ಹಿಡಿಯ ಬೆನ್ನಿನಲ್ಲಿ ಅಲಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್. ಎರಡು ಬದಿಗೆ ತೆಳು ತಗಡು. ಅದರ ಮೇಲೆ ಹೊದಿಸಿದ ಕೊಂಬು, ಮೂಳೆ ಅಥವಾ ಮರ. ತಿರುಗಣಿಯ ಹತ್ತಿರ ಹಿಡಿಯ ತುದಿಗೆ ಒಂದು ಲೋಹದ ತುಂಡು ಇರುತ್ತದೆ. ಅದಕ್ಕೆ ಬೋಲ್ಸ್ಟರ್ ಅನ್ನುತ್ತಾರೆ. ನಮ್ಮ ಕೆಲಸವೆಲ್ಲ ಅದರ ಮೇಲೆ. ಹೆಚ್ಚೆಂದರೆ ಹೆಬ್ಬೆರಳ ಉಗುರಿನಷ್ಟು ಜಾಗ.

ಅಲಗಿನ ಮೇಲೆ ಕೆತ್ತಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಹದ ಕೊಟ್ಟ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಉಕ್ಕು ಹೆಚ್ಚು ಕಮ್ಮಿ ನಿಮ್ಮ ಉಳಿಯಷ್ಟೇ ಗಟ್ಟಿ ಇರುತ್ತದೆ. ಮೊನೆ ಮುರಿಯುತ್ತದೆ, ಗೆರೆ ಬೀಳುವುದಿಲ್ಲ. ಕೆತ್ತಲೇಬೇಕು ಅಂದರೆ ಹದ ಕೊಡುವ ಮೊದಲೇ ಕೆತ್ತಬೇಕು. ಅದು ಚಾಕು ಮಾಡುವವನ ಜೊತೆ ಕೂತು ಮಾಡುವ ಕೆಲಸ. ಸದ್ಯಕ್ಕೆ ಬಿಡಿ.

ಬೋಲ್ಸ್ಟರ್ ಯಾವ ಲೋಹದ್ದು ಅನ್ನುವುದು ಮುಖ್ಯ. ಕಲಿಯಲು ಹಿತ್ತಾಳೆ ಒಳ್ಳೆಯದು, ಆದರೆ ಬೆರಳು ತಾಗಿ ಬೇಗ ಮಂಕಾಗುತ್ತದೆ. ನನಗೆ ಇಷ್ಟ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಮಾತ್ರ ಬೆಳ್ಳಿ. ಇರುವುದು ತಾಮ್ರ, ನಿಕ್ಕಲ್, ಸತು. ಉಳಿಗೆ ಹಿತವಾಗಿ ಒಗ್ಗುತ್ತದೆ. ಗೆರೆ ಹೊಳೆಯುತ್ತದೆ. ಸ್ಟೇನ್‌ಲೆಸ್‌ನಲ್ಲಿ 416 ಅನ್ನುವ ಜಾತಿ ಹದ ಕೊಡದೆ ಇದ್ದರೆ ಚೆನ್ನಾಗಿ ಕೊರೆಯಲು ಬರುತ್ತದೆ. ಟೈಟಾನಿಯಂ ಅಂಟಂಟು, ಉಳಿಯ ಮೊನೆ ತಿನ್ನುತ್ತದೆ. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ.

ಸ್ಕ್ರೂ ಹಾಕಿದ ಚಾಕು ಆದರೆ ಬಿಚ್ಚುವುದು ಸುಲಭ. ಹೆಚ್ಚಿನವಕ್ಕೆ ನಕ್ಷತ್ರದ ಮೂತಿಯ ಟಿ6, ಟಿ8 ಸ್ಕ್ರೂಡ್ರೈವರ್ ಸಾಕು. ಬಿಚ್ಚುತ್ತಾ ಫೋಟೊ ತೆಗೆದಿಟ್ಟುಕೊಳ್ಳಿ. ರಿವೆಟ್ ಬಡಿದ ಹಳೆಯ ಮಾದರಿ ಆದರೆ, ಜೋಡಿಸುವ ಮೊದಲೇ ಬಿಡಿಭಾಗ ಕೊಡಿ ಅಂತ ಮಾಡುವವರಿಗೆ ಹೇಳಬೇಕು. ಕಂಬಾರರಿಗೆ ಇದು ವಿಚಿತ್ರ ಅನ್ನಿಸಬಹುದು. ಬೋಲ್ಸ್ಟರ್ 3 ಮಿಲಿಮೀಟರ್ ದಪ್ಪ ಇರಲಿ ಅಂತಲೂ ಹೇಳಿ. ತೆಳುವಾದರೆ ಎಲೆಗಳ ನಡುವಿನ ಹಿನ್ನೆಲೆಯನ್ನು ಕೊರೆದು ತಗ್ಗಿಸುವಾಗ ಕೈ ನಡುಗುತ್ತದೆ.

ಇನ್ನೊಂದು ಮಾತು. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ನಮ್ಮ ಕಾನೂನು ಆಯುಧದ ಪಟ್ಟಿಯಲ್ಲಿ ಇಡುತ್ತದೆ. ಅಡಿಗೆ, ಹೊಲದ ಕೆಲಸದ ಸಾಮಾನಿಗೆ ರಿಯಾಯಿತಿ ಇದೆ. ಪೇರಲಹಣ್ಣು ಹೆಚ್ಚುವ 3 ಇಂಚಿನ ಚಾಕು ಸಾಕಲ್ವಾ? ಕೆತ್ತನೆಗೂ ಅದೇ ಚೆಂದ. ಉಡುಗೊರೆ ಪಡೆದವರು ಅದನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಬಾರದು ಅಂತ ಮಾತ್ರ ಹೇಳಿಕಳಿಸಿ.

ಉಳಿ ಹರಿತ ಮಾಡುವುದು: ಅರ್ಧ ವಿದ್ಯೆ ಇಲ್ಲೇ

ಕೊರೆಯುವ ಈ ಸಣ್ಣ ಉಳಿಗೆ ಗ್ರೇವರ್ ಅನ್ನುತ್ತಾರೆ. ಲೇತ್ ಸಾಮಾನು ಮಾರುವ ಅಂಗಡಿಯಲ್ಲಿ 1/8 ಇಂಚಿನ ಚೌಕದ ಹೈಸ್ಪೀಡ್ ಸ್ಟೀಲ್ ಬಿಟ್ ಸಿಗುತ್ತದೆ. ಅದನ್ನೇ ಉಜ್ಜಿ ಗ್ರೇವರ್ ಮಾಡಿಕೊಳ್ಳಬಹುದು. ಹಿಂದೆ ಅಣಬೆಯಾಕಾರದ ಮರದ ಹಿಡಿ. ಆ ಹಿಡಿ ಅಂಗೈ ಗುಳಿಯಲ್ಲಿ ಕೂರಬೇಕು. ಉಳಿಯ ಮೊನೆ ಹೆಬ್ಬೆರಳ ತುದಿಗಿಂತ ಸ್ವಲ್ಪ ಮುಂದೆ ಬರುವಷ್ಟು ಉದ್ದ ಇರಲಿ. ಜಾಸ್ತಿ ಉದ್ದ ಬಿಟ್ಟರೆ ಹಿಡಿತ ತಪ್ಪುತ್ತದೆ.

ಉಳಿಗೆ ಎರಡು ಕೋನ ಕೊಡಬೇಕು. ಒಂದು ಎದುರಿನ ಮುಖ. ಇನ್ನೊಂದು ಅಡಿಯಲ್ಲಿ, ಮೊನೆಯ ಹಿಂದೆ ಇರುವ ಪುಟ್ಟ ಹಿಮ್ಮಡಿ. ಮುಖಕ್ಕೆ 45ರಿಂದ 50 ಡಿಗ್ರಿ. ಹಿಮ್ಮಡಿಗೆ 15ರಿಂದ 20 ಡಿಗ್ರಿ. ಈ ಹಿಮ್ಮಡಿ ಇಲ್ಲದಿದ್ದರೆ ಉಳಿ ಲೋಹದೊಳಗೆ ಮುಳುಗುತ್ತಾ ಹೋಗುತ್ತದೆ, ಮೇಲೆ ಬರುವುದಿಲ್ಲ. ಹಿಮ್ಮಡಿ ಉದ್ದವಾದರೆ ಬೇರೆ ತೊಂದರೆ. ಸುರುಳಿ ತಿರುಗುವಾಗ ಅದು ಗೆರೆಯ ಹೊರ ಅಂಚನ್ನು ಉಜ್ಜಿ ಜಜ್ಜುತ್ತದೆ. ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ ಇರಲಿ. ನಿಮ್ಮ ಸುರುಳಿಯ ಹೊರ ಅಂಚು ಮಂಕಾಗಿ ಕಂಡರೆ ಕೈ ಬೈಯಬೇಡಿ, ಹಿಮ್ಮಡಿ ನೋಡಿ.

ಹಿಮ್ಮಡಿಗೆ ಎಡಕ್ಕೊಂದು ಬಲಕ್ಕೊಂದು ಮುಖ ಇರುತ್ತದೆ. ಅವೆರಡು ಸೇರುವ ವಿ ಆಕಾರವೂ ಲೆಕ್ಕಕ್ಕೆ ಬರುತ್ತದೆ. 90 ಡಿಗ್ರಿಯ ವಿ ಕಿರಿದಾಗಿ ಆಳಕ್ಕೆ ಹೋಗುತ್ತದೆ. 120 ಡಿಗ್ರಿಯ ವಿ ಅಗಲವಾಗಿ, ತೆಳುವಾಗಿ ಕೊರೆಯುತ್ತದೆ, ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ನಾನು ಹೆಚ್ಚಾಗಿ ಬಳಸುವುದು 120ರದ್ದು.

ಸಾಣೆ ಹಿಡಿಯಲು ಮೊದಲು ಡೈಮಂಡ್ ಪ್ಲೇಟ್ ಮೇಲೆ 600, ಆಮೇಲೆ 1200 ಗ್ರಿಟ್. ಗ್ರಿಟ್ ಅಂಕಿ ದೊಡ್ಡದಾದಷ್ಟೂ ನುಣುಪು. ಕೊನೆಗೆ ಎರಕದ ಕಬ್ಬಿಣದ ಚಪ್ಪಟೆ ತುಂಡಿನ ಮೇಲೆ ಡೈಮಂಡ್ ಪೇಸ್ಟ್ ಸವರಿ ಹಿಮ್ಮಡಿಗೆ ಕನ್ನಡಿಯಂಥ ಹೊಳಪು ಕೊಡಿ. ಇದು ಅತಿಯಾಯಿತು ಅನ್ನಿಸಬಹುದು. ಅಲ್ಲ. ಉಳಿಯ ಹಿಮ್ಮಡಿಯಲ್ಲಿ ಇರುವ ಗೀರು ನೀವು ಕೊರೆದ ಪ್ರತಿ ಗೆರೆಯ ಒಳಗೂ ಅಚ್ಚಾಗುತ್ತದೆ. ಕೆತ್ತನೆ ಹೊಳೆಯುವುದು ಪಾಲಿಶ್‌ನಿಂದ ಅಲ್ಲ, ಉಳಿಯಿಂದ.

ಹರಿತ ಇದೆಯಾ ಅಂತ ನೋಡಲು ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಇಡಿ. ಕಚ್ಚಿ ನಿಂತರೆ ಸರಿ. ಜಾರಿದರೆ ಮತ್ತೆ ಸಾಣೆ. 10 ಪಟ್ಟಿನ ಭೂತಗನ್ನಡಿಯಲ್ಲಿ ಮೊನೆ ನೋಡಿ. ತುದಿಯಲ್ಲಿ ಬಿಳಿ ಚುಕ್ಕಿ ಮಿಂಚಿದರೆ ಅದು ಮುರಿದಿದೆ ಅಂತ ಅರ್ಥ. ಹರಿತ ಮೊನೆ ಬೆಳಕು ಹಿಂತಿರುಗಿಸುವುದಿಲ್ಲ. ಒಂದು ಬೋಲ್ಸ್ಟರ್ ಮುಗಿಯುವಷ್ಟರಲ್ಲಿ ನಾನು ಹದಿನೈದು ಇಪ್ಪತ್ತು ಸಲ ಸಾಣೆಗೆ ಏಳುತ್ತೇನೆ. ಏಳಲು ಬೇಜಾರಾದ ದಿನ ಉಳಿ ಜಾರುತ್ತದೆ. ಜಾರಿದ ಉಳಿ ಬೋಲ್ಸ್ಟರ್ ಮೇಲೆ ಉದ್ದ ಗೀರು ಎಳೆಯುತ್ತದೆ, ಇಲ್ಲವೇ ಎಡಗೈ ಹೆಬ್ಬೆರಳಿಗೆ ಇಳಿಯುತ್ತದೆ.

ಹಿತ್ತಾಳೆ, ಜರ್ಮನ್ ಸಿಲ್ವರ್ ಆದರೆ ಅಂಗೈ ಒತ್ತಡ ಸಾಕು. ಉಕ್ಕಿನ ಬೋಲ್ಸ್ಟರ್‌ಗೆ 50 ಗ್ರಾಂ ಆಸುಪಾಸಿನ ಪುಟ್ಟ ಸುತ್ತಿಗೆ ಬೇಕು. ದೊಡ್ಡ ಏಟು ಬೇಡ, ಟಕಟಕ ಅಂತ ಸಣ್ಣ ಏಟು. ಗಾಳಿ ಒತ್ತಡದಿಂದ ತಾನೇ ಬಡಿಯುವ ಹ್ಯಾಂಡ್‌ಪೀಸ್‌ಗಳೂ ಇವೆ. ಅಮೆರಿಕದ ಜಿಆರ್‌ಎಸ್, ಲಿಂಡ್ಸೆ ಹೆಸರು ಕೇಳಿರಬಹುದು. ಆರಾಮ ಹೌದು. ಆದರೆ ಮೊಂಡ ಉಳಿಯನ್ನು ಅವೂ ಹರಿತ ಮಾಡುವುದಿಲ್ಲ.

ಅಲುಗಾಡದಂತೆ ಹಿಡಿಯುವುದು

ಈ ಕೆಲಸದಲ್ಲಿ ಉಳಿ ತಿರುಗಬಾರದು, ತುಂಡು ತಿರುಗಬೇಕು. ಬಲಗೈ ಹೆಚ್ಚು ಕಮ್ಮಿ ಇದ್ದಲ್ಲೇ ಇರುತ್ತದೆ. ಎಡಗೈ ಲೋಹವನ್ನು ಉಳಿಯ ಕಡೆಗೆ ತಿರುಗಿಸುತ್ತದೆ. ಅದಕ್ಕೇ ಎತ್ತ ಬೇಕಾದರೂ ತಿರುಗುವ ಗುಂಡಗಿನ ಬಾಲ್ ವೈಸ್ ಇರುವುದು. ದುಡ್ಡಿಲ್ಲದಿದ್ದರೆ ದಪ್ಪ ತೊಗಲಿನ ಚೀಲ ಹೊಲಿಸಿ, ಜರಡಿ ಹಿಡಿದ ಒಣ ಮರಳು ಬಿಗಿಯಾಗಿ ತುಂಬಿಸಿ. ಅದರ ಮೇಲೆ ಮರದ ತುಂಡು, ಮರದ ಮೇಲೆ ಬೋಲ್ಸ್ಟರ್. ನಾನು ಎರಡು ವರ್ಷ ಹೀಗೇ ಮಾಡಿದೆ.

ಬೋಲ್ಸ್ಟರನ್ನು ಮರಕ್ಕೆ ಕೂರಿಸಲು ಪತ್ತಾರರು ಬಳಸುವ ಅರಗು ಬಲು ಒಳ್ಳೆಯದು. ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ಕಾಯಿಸಿ ಕೂರಿಸುತ್ತಾರೆ. ಆದರೆ ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅರಗು ಸಣ್ಣಗೆ ಮೆತ್ತಗಾಗಿ ತುಂಡು ಕದಲುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಇಟ್ಟಿಗೆ ಪುಡಿ ಸ್ವಲ್ಪ ಜಾಸ್ತಿ ಹಾಕಿ, ಇಲ್ಲವೇ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಸೂಪರ್ ಗ್ಲೂ ಹಾಕಿ ಹಿತ್ತಾಳೆ ತುಂಡಿಗೆ ಅಂಟಿಸುವುದು ಇನ್ನೊಂದು ದಾರಿ. ಮುಗಿದ ಮೇಲೆ ಅಸಿಟೋನ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಕೊಂಬು, ಪ್ಲಾಸ್ಟಿಕ್ ಹಿಡಿ ಜೊತೆಗಿದ್ದರೆ ಅದನ್ನು ನೆನೆಸಬೇಡಿ.

ಕೆತ್ತುವ ಮೊದಲು ಬೋಲ್ಸ್ಟರ್‌ನ ಮೈಯನ್ನು 600ರಿಂದ 1000 ಗ್ರಿಟ್ ಉಜ್ಜುಕಾಗದದಲ್ಲಿ, ಹಿಂದೆ ಚಪ್ಪಟೆ ಗಾಜು ಇಟ್ಟು ಉಜ್ಜಿ. ಕನ್ನಡಿ ಹೊಳಪು ಬೇಡ. ದೀಪ ಅದರಲ್ಲಿ ಬಿದ್ದು ಗೆರೆಯೇ ಕಾಣುವುದಿಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ. ಮುರಿದ ಮೊನೆ ಎಲ್ಲಿಗೆ ಹಾರುತ್ತದೋ ಗೊತ್ತಾಗುವುದಿಲ್ಲ. ಚೂರನ್ನು ಬಾಯಿಂದ ಊದಬೇಡಿ, ಬ್ರಷ್‌ನಿಂದ ಗುಡಿಸಿ.

ಬಳ್ಳಿಯನ್ನು ಎಲ್ಲಿಂದ ತರುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಲಿಯುವವರೆಲ್ಲ ನೆಟ್‌ನಲ್ಲಿ ಸಿಕ್ಕ ಇಂಗ್ಲಿಷ್ ಬಂದೂಕಿನ ಮೇಲೆ ಕೆತ್ತಿದ ಸುರುಳಿಯನ್ನೇ ನಕಲು ಮಾಡುತ್ತಾರೆ. ತಪ್ಪೇನಲ್ಲ. ಆದರೆ ಕುಕನೂರು ಹತ್ತಿರ ಇಟಗಿ ಇಟ್ಟುಕೊಂಡು ಅಲ್ಲಿಗೆ ಯಾಕೆ ಹೋಗಬೇಕು? ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಜನ ಕಂಬ ನೋಡಿ, ಫೋಟೊ ತೆಗೆದು ಹೊರಡುತ್ತಾರೆ. ನೀವು ಬಾಗಿಲುವಾಡದ ಪಟ್ಟಿಗಳ ಮುಂದೆ, ಛತ್ತಿನ ಮಕರಗಳ ಕೆಳಗೆ ನಿಲ್ಲಿ. ಪೆನ್ಸಿಲ್ ಹಾಳೆ ಒಯ್ಯಿರಿ.

ನೋಡಬೇಕಾದ್ದು ಮೂರು ಸಂಗತಿ. ಬಳ್ಳಿ ಎಲ್ಲೂ ಸುಮ್ನೆ ಶುರುವಾಗುವುದಿಲ್ಲ. ಮಕರದ ಬಾಯಿಂದಲೋ, ಬುಡದಿಂದಲೋ, ಇನ್ನೊಂದು ಬಳ್ಳಿಯ ಬೆನ್ನಿನಿಂದಲೋ ಹುಟ್ಟುತ್ತದೆ. ಒಳಗೆ ಹೋದ ಹಾಗೆ ಸುರುಳಿಯ ಸುತ್ತುಗಳ ನಡುವಿನ ಅಂತರ ಕಮ್ಮಿಯಾಗುತ್ತದೆ, ಎಲ್ಲೂ ಒಂದೇ ಸಮ ಇರುವುದಿಲ್ಲ. ಎಲೆ ಬಳ್ಳಿಗೆ ಅಂಟಿಸಿದ ಹಾಗೆ ಕಾಣುವುದಿಲ್ಲ. ಬಳ್ಳಿ ಹೋಗುವ ದಿಕ್ಕಿನಲ್ಲೇ ಹೊರಟು ಆಮೇಲೆ ಬಾಗುತ್ತದೆ. ನಮ್ಮ ಬಹುಪಾಲು ತಪ್ಪು ಈ ಮೂರರಲ್ಲೇ.

ಆದರೆ ಕಲ್ಲನ್ನು ಹಾಗೇ ಇಳಿಸಲು ಬರುವುದಿಲ್ಲ. ಶಿಲ್ಪಿಗೆ ಆಳ ಇತ್ತು. ಎಲೆಯ ಹಿಂದೆ ಬೆರಳು ಹೋಗುವಷ್ಟು ಕೊರೆದ, ಅಲ್ಲಿ ಕತ್ತಲು ತಾನೇ ಕೂತಿತು. ನಮಗೆ ಸಿಗುವ ಆಳ ಹೆಚ್ಚೆಂದರೆ ಮಿಲಿಮೀಟರ್‌ನ ಐದನೇ ಒಂದು ಭಾಗ. ಹಾಗಾಗಿ ಆಳವನ್ನು ಗೆರೆಗೆ ಬದಲಾಯಿಸಬೇಕು. ಕಲ್ಲಿನಲ್ಲಿ ಕತ್ತಲು ಇರುವ ಕಡೆ ನಾವು ಗೆರೆ ಒತ್ತೊತ್ತಾಗಿ ಹಾಕುತ್ತೇವೆ. ಹಿನ್ನೆಲೆಗೆ ಕಪ್ಪು ತುಂಬುತ್ತೇವೆ. ಇಟಗಿಯಲ್ಲಿ ನೆರಳು ಎಲ್ಲಿ ಬಿದ್ದಿದೆ ಅಂತ ಹಾಳೆಯಲ್ಲಿ ಪೆನ್ಸಿಲ್ ತೀಡಿ ಗುರುತು ಮಾಡಿಕೊಂಡು ಬನ್ನಿ. ಫೋಟೊದಲ್ಲಿ ಅದು ಸಿಕ್ಕುವುದಿಲ್ಲ.

ಅಂಚಿನ ಪಟ್ಟಿಗೆ ಸಂಡೂರಿನ ಲಂಬಾಣಿ ಕಸೂತಿಯ ಹೊಲಿಗೆಗಳು ನನಗೆ ಬಹಳ ಸಲ ಕೈಹಿಡಿದಿವೆ. ತ್ರಿಕೋನ, ಅಡ್ಡಗೆರೆ, ಚುಕ್ಕಿ. ಉಳಿಗೆ ಹೇಳಿ ಮಾಡಿಸಿದ ಹಾಗಿವೆ.

ಮನೆಗೆ ಬಂದು ಬೋಲ್ಸ್ಟರ್‌ನ ಆಕಾರವನ್ನು ನಾಲ್ಕು ಪಟ್ಟು ದೊಡ್ಡದಾಗಿ ಬರೆಯಿರಿ. ಮೊದಲು ಅಂಚಿನ ಗೆರೆ. ಆಮೇಲೆ ಸುರುಳಿಯ ಬೆನ್ನೆಲುಬು ಮಾತ್ರ, ಎಲೆ ಬೇಡ. ಬರೀ ಬೆನ್ನೆಲುಬೇ ನೋಡಲು ಚೆಂದ ಇಲ್ಲದಿದ್ದರೆ ಎಲೆ ಹಾಕಿ ಮುಚ್ಚಲು ಆಗುವುದಿಲ್ಲ. ತಿರುಗಣಿಯ ಮೊಳೆ ಎಲ್ಲಿದೆ ಗುರುತಿಸಿ. ಸುರುಳಿಯ ಹೊಟ್ಟೆ ಅದರ ಸುತ್ತ ಬಂದರೆ ಚಾಕು ತೆರೆಯುವಾಗ ಬಳ್ಳಿಯೂ ತಿರುಗಿದ ಹಾಗೆ ಕಾಣುತ್ತದೆ. ಪೂರ್ತಿ ಜಾಗ ತುಂಬುವ ಚಟ ಬೇಡ. ಸ್ವಲ್ಪ ನುಣ್ಣನೆ ಲೋಹ ಖಾಲಿ ಇದ್ದರೇ ಕೆತ್ತನೆ ಕಾಣುವುದು.

ಲೋಹಕ್ಕೆ ಇಳಿಸಲು ಹಳೆಯ ದಾರಿ ಸುಲಭ. ಬಿಳಿ ಪೋಸ್ಟರ್ ಬಣ್ಣವನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಮೊನಚು ಪೆನ್ಸಿಲ್‌ನಿಂದ ಬರೆದು, ಸೂಜಿಯಿಂದ ಗೀರಿ. ಇಲ್ಲವೇ ಲೇಸರ್ ಪ್ರಿಂಟರ್ ಇರುವ ಅಂಗಡಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು ಪ್ರಿಂಟ್ ತೆಗೆಸಿ. ಲೋಹಕ್ಕೆ ತೆಳು ವಾರ್ನಿಶ್ ಹಚ್ಚಿ, ಹಾಳೆಯನ್ನು ಮಗುಚಿ ಇಟ್ಟು, ಅಸಿಟೋನ್ ತಾಗಿಸಿದ ಬಟ್ಟೆಯಿಂದ ಒತ್ತಿ. ಜಾಸ್ತಿ ಒದ್ದೆಯಾದರೆ ಎಲ್ಲಾ ಕರಗಿ ಮಸಿಯಾಗುತ್ತದೆ. ಇಂಕ್‌ಜೆಟ್ ಪ್ರಿಂಟ್ ಈ ದಾರಿಯಲ್ಲಿ ಇಳಿಯುವುದಿಲ್ಲ.

ಕೊರೆಯುವುದು

ಚಾಕುವಿಗೆ ಕೈ ಹಾಕುವ ಮೊದಲು ಹಿತ್ತಾಳೆ ತಗಡಿನ ಮೇಲೆ ಅರ್ಧ ಮಿಲಿಮೀಟರ್ ಅಂತರದಲ್ಲಿ ನೂರು ನೇರ ಗೆರೆ ಹಾಕಿ. ಆಮೇಲೆ ವೃತ್ತ. ಆಮೇಲೆ ಸುರುಳಿ. ಬೇಜಾರು ಬರುತ್ತದೆ, ಬರಲಿ.

ಉಳಿಯನ್ನು ಹಿಮ್ಮಡಿ ಲೋಹಕ್ಕೆ ತಾಗಿ ಕೂರುವಷ್ಟು ಎತ್ತಿ. ಇನ್ನೂ ಸ್ವಲ್ಪ ಎತ್ತಿದರೆ ಕಚ್ಚುತ್ತದೆ. ಕಚ್ಚಿದ ಕೂಡಲೇ ಕೈ ಸ್ವಲ್ಪ ಇಳಿಸಿ ಮುಂದೆ ತಳ್ಳಿ. ಜಾಸ್ತಿ ಎತ್ತಿದರೆ ಒಳಗೆ ಹೂತುಕೊಳ್ಳುತ್ತದೆ, ಜಾಸ್ತಿ ಇಳಿಸಿದರೆ ಜಾರುತ್ತದೆ. ಗೆರೆಯ ಅಗಲ ಒಂದೇ ಸಮ ಇದೆ ಅಂದರೆ ಆಳವೂ ಒಂದೇ ಸಮ ಇದೆ ಅಂತ ಅರ್ಥ. ಎಡಗೈ ಬೆರಳು ಯಾವತ್ತೂ ಉಳಿಯ ಎದುರಿಗೆ ಇರಬಾರದು.

ಮೊದಲು ಸುರುಳಿಯ ಬೆನ್ನೆಲುಬು ಕೊರೆಯಿರಿ, ಒಂದೇ ಉಸಿರಿನಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು. ನಿಂತ ಕಡೆಯೆಲ್ಲ ಸಣ್ಣ ಗಂಟು ಕಾಣುತ್ತದೆ. ನಿಲ್ಲಲೇಬೇಕಾದರೆ ಎಲೆ ಹುಟ್ಟುವ ಕಡೆ ನಿಲ್ಲಿ, ಗಂಟು ಅಲ್ಲಿ ಮರೆಯಾಗುತ್ತದೆ. ಆಮೇಲೆ ಎಲೆಗಳ ಹೊರಗೆರೆ. ಆಮೇಲೆ ಹಿನ್ನೆಲೆ. ಚಪ್ಪಟೆ ಮೂತಿಯ ಉಳಿಯಿಂದ ಎಲೆಗಳ ನಡುವಿನ ಜಾಗವನ್ನು ಕೂದಲೆಳೆಯಷ್ಟು ಇಳಿಸಿ, ಮೊನೆ ಪಂಚ್‌ನಿಂದ ಒತ್ತೊತ್ತಾಗಿ ಚುಕ್ಕಿ ಬಡಿಯಿರಿ. ಈ ಚುಕ್ಕಿಗಳು ಕಪ್ಪನ್ನು ಹಿಡಿದಿಡುತ್ತವೆ.

ಕೊನೆಗೆ ನೆರಳಿನ ಗೆರೆ. ಎಲೆಯ ಬುಡದಲ್ಲಿ ಆಳವಾಗಿ ಶುರು ಮಾಡಿ ತುದಿಯ ಕಡೆಗೆ ಎತ್ತುತ್ತಾ ಹೋಗಿ. ಗೆರೆ ಕೂದಲ ಹಾಗೆ ತೆಳ್ಳಗಾಗಿ ಮಾಯವಾಗಬೇಕು. ಎಲ್ಲ ಗೆರೆಗೂ ಒಂದೇ ಉದ್ದ ಬೇಡ. ಕೆತ್ತನೆಗೆ ಜೀವ ಬರುವುದು ಈ ಹಂತದಲ್ಲಿ, ಕೆಡುವುದೂ ಇಲ್ಲೇ. ಇನ್ನೊಂದು ಗೆರೆ ಹಾಕೋಣ ಅನ್ನಿಸಿದಾಗ ಎದ್ದು ಚಹಾ ಕುಡಿಯಿರಿ.

ಗೆರೆಯೇ ಇಲ್ಲದೆ ಬರೀ ಸಾವಿರಾರು ಸೂಕ್ಷ್ಮ ಚುಕ್ಕಿಯಲ್ಲಿ ಫೋಟೊದ ಹಾಗೆ ಪ್ರಾಣಿ, ಮುಖ ಕೆತ್ತುವವರೂ ಇದ್ದಾರೆ. ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾ ಕಡೆಯ ಬಂದೂಕು ಕೆತ್ತನೆಗಾರರ ವಿದ್ಯೆ ಅದು, ಬುಲಿನೊ ಅನ್ನುತ್ತಾರೆ. ಫಿರ್ಮೊ ಫ್ರಕಾಸ್ಸಿ ಕೆಲಸ ಹುಡುಕಿ ನೋಡಿ. ದರೋಜಿಯ ಕರಡಿಯ ಕೂದಲನ್ನು ಹಾಗೆ ಕೆತ್ತಬೇಕು ಅಂತ ನನಗೂ ಆಸೆ ಇದೆ. ಮೈಕ್ರೋಸ್ಕೋಪ್ ಇಲ್ಲದೆ ಆಗುವ ಮಾತಲ್ಲ.

ಹೆಸರು ಬರೆಯುವುದಾದರೆ

ಉಡುಗೊರೆ ಚಾಕು ಅಂದಮೇಲೆ ಹೆಸರು ಬೇಕೇ ಬೇಕು ಅನ್ನುತ್ತಾರೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ, 1915ರಲ್ಲಿ ಬೆಳಕಿಗೆ ಬಂದದ್ದು. ಆ ಬ್ರಾಹ್ಮಿ ಅಕ್ಷರಗಳಲ್ಲಿ ನೇರ ಗೆರೆಯೇ ಜಾಸ್ತಿ, ಉಳಿಗೆ ಸಲೀಸು. ನಮ್ಮ ಈಗಿನ ಅಕ್ಷರ ಗುಂಡು ಗುಂಡು. ಇಂಗ್ಲಿಷ್ ಅಕ್ಷರ ಕೆತ್ತುವ ಪಾಠ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಠ, ರ, ದ ಕೆತ್ತಿ ಕೈ ಪಳಗಿಸಿ. ವೃತ್ತವನ್ನು ಎರಡು ಅರ್ಧವಾಗಿ, ಮೇಲಿಂದ ಕೆಳಕ್ಕೆ ಎರಡೂ ಬದಿಯಿಂದ ಕೊರೆಯಿರಿ. ತಲೆಕಟ್ಟು ಕೊನೆಗೆ. ಎಲ್ಲ ಅಕ್ಷರದ ತಲೆಕಟ್ಟೂ ಒಂದೇ ಎತ್ತರದಲ್ಲಿ ಬರಲು ಸೂಜಿಯಿಂದ ಎರಡು ತೆಳು ಗೆರೆ ಗೀರಿಕೊಳ್ಳಿ. ಅಕ್ಷರ 3 ಮಿಲಿಮೀಟರ್‌ಗಿಂತ ಸಣ್ಣದಾದರೆ ಒತ್ತಕ್ಷರ ಮುದ್ದೆಯಾಗುತ್ತದೆ. ಕೃಷ್ಣಪ್ಪ ಅಂತ ಬರೆಯಬೇಕಾದರೆ ಬೋಲ್ಸ್ಟರ್ ಬಿಟ್ಟು ಒಳಗಿನ ತಗಡಿಗೆ ಹೋಗುವುದು ಜಾಣತನ. ರಮ ಅಂತಿದ್ದರೆ ನಿಮ್ಮ ಅದೃಷ್ಟ.

ತಂತಿ ಕೂರಿಸುವುದು

ಬಳ್ಳಿಯ ಬೆನ್ನೆಲುಬಿಗೆ ಚಿನ್ನದ ತಂತಿ ಕೂರಿಸಿದರೆ ಚಾಕುವಿನ ಗತ್ತೇ ಬೇರೆ. ಬೀದರಿನ ಬಿದ್ರಿ ಕೆಲಸ ನೋಡಿದ್ದೀರಲ್ಲ, ಉಪಾಯ ಅದೇ. ತೋಡು ಕೊರೆದು ತಂತಿ ಬಡಿದು ಕೂರಿಸುವುದು. ಬಿದ್ರಿಯಲ್ಲಿ ಸತು ಜಾಸ್ತಿ ಇರುವ ಲೋಹಕ್ಕೆ ಬೆಳ್ಳಿ, ಆಮೇಲೆ ಕೋಟೆಯ ಮಣ್ಣಿನಿಂದ ಕಪ್ಪು. ನಮ್ಮದು ಅದಕ್ಕಿಂತ ಗಟ್ಟಿ ಲೋಹ, ಹಾಗಾಗಿ ತೋಡಿನ ಎರಡೂ ಗೋಡೆಯ ಬುಡವನ್ನು ಒಳಗೆ ಕೊರೆಯಬೇಕು. ಬಾಯಿ ಕಿರಿದು, ತಳ ಅಗಲ. ತಂತಿಯನ್ನು ಬಡಿದಾಗ ಅದು ಕೆಳಗೆ ಹರಡಿ ಸಿಕ್ಕಿಕೊಳ್ಳುತ್ತದೆ, ಅಂಟು ಬೇಡ.

24 ಕ್ಯಾರಟ್ ಚಿನ್ನವೇ ಬೇಕು. 22ರದ್ದು ಗಟ್ಟಿ, ಮೂಲೆಗೆ ಇಳಿಯುವುದಿಲ್ಲ. ಪಕ್ಕದಲ್ಲೇ ಹಟ್ಟಿ ಚಿನ್ನದ ಗಣಿ ಇದ್ದರೂ ನಮಗೇನೂ ಅಗ್ಗಕ್ಕೆ ಸಿಗುವುದಿಲ್ಲ ಬಿಡಿ. ಕಲಿಯಲು ತಾಮ್ರ ಸಾಕು. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಸುಟ್ಟ ವೈಂಡಿಂಗ್ ತಂತಿ ಕೇಳಿ. ಮೇಲಿನ ಲೇಪವನ್ನು ಸುಟ್ಟು ಕೆರೆದು, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಹಿತ್ತಾಳೆ ಪಂಚ್‌ನಿಂದ ಬಡಿದು ಕೂರಿಸಿ, ಸಣ್ಣ ಅರದಿಂದ ಸಮ ಮಾಡಿ. ಜರ್ಮನ್ ಸಿಲ್ವರ್ ಬಿಳುಪಿನ ಮೇಲೆ ತಾಮ್ರದ ಕೆಂಪು ಚಿನ್ನಕ್ಕೇನೂ ಕಮ್ಮಿ ಕಾಣುವುದಿಲ್ಲ.

ಕಪ್ಪು, ಜೋಡಣೆ, ಎಣ್ಣೆ

1500 ಗ್ರಿಟ್ ಕಾಗದವನ್ನು ಗಾಜಿನ ಪಟ್ಟಿಗೆ ಅಂಟಿಸಿ ಎರಡು ಮೂರು ಸಲ ಮೆಲ್ಲಗೆ ಉಜ್ಜಿ. ಗೆರೆಯ ಅಂಚಿನಲ್ಲಿ ಎದ್ದ ಸಿಬಿರು ಹೋಗುತ್ತದೆ. ಬಟ್ಟೆಯ ಬಫಿಂಗ್ ಚಕ್ರಕ್ಕೆ ಕೊಡಬೇಡಿ. ನೀವು ವಾರಗಟ್ಟಲೆ ಕೂತು ಮಾಡಿದ ಚೂಪು ಅಂಚನ್ನು ಅದು ಅರ್ಧ ನಿಮಿಷದಲ್ಲಿ ಗುಂಡಗೆ ಮಾಡುತ್ತದೆ. ಆಮೇಲೆ ಕಪ್ಪು ಎನಾಮಲ್ ಬಣ್ಣವನ್ನು ಹಚ್ಚಿ, ಸ್ವಲ್ಪ ಅಂಟಾದಾಗ ಗಟ್ಟಿ ಕಾಗದದಿಂದ ಮೇಲ್ಮೈ ಒರೆಸಿ. ಬಟ್ಟೆ ಬಳಸಿದರೆ ಗೆರೆಯೊಳಗಿನ ಬಣ್ಣವನ್ನೂ ಎಳೆದು ತರುತ್ತದೆ. ಒಂದು ದಿನ ಒಣಗಲಿ.

ಎಲ್ಲ ಭಾಗವನ್ನೂ ಸೋಪು ನೀರಿನಲ್ಲಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಸ್ಕ್ರೂ ತೂತು, ತಗಡಿನ ಒಳಬದಿ ಮರೆಯಬೇಡಿ. ಬಿಚ್ಚುವಾಗ ತೆಗೆದ ಫೋಟೊ ನೋಡಿಕೊಂಡು ಜೋಡಿಸಿ. ತಿರುಗಣಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಅಲಗು ಕಾರ್ಬನ್ ಉಕ್ಕಿನದಾದರೆ ಬೆವರಿನ ಬೆರಳ ಗುರುತು ಒಂದೇ ರಾತ್ರಿಯಲ್ಲಿ ತುಕ್ಕಾಗುತ್ತದೆ, ಅದಕ್ಕೂ ತೆಳ್ಳಗೆ ಎಣ್ಣೆ ಸವರಿ.

ಈಗ ನಿಧಾನಕ್ಕೆ ಒಂದೇ ಒಂದು ಸಲ ತೆರೆದು ಮುಚ್ಚಿ. ತಿರುಗಣಿಯಿಂದ ಹೊರಬಂದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ಬಟ್ಟೆಯಲ್ಲಿ ಮಿನುಗುವ ಒಂದು ಚುಕ್ಕಿ ಕಂಡರೂ ಎರಡನೇ ಸಲ ತೆರೆಯಬೇಡಿ. ಸ್ಕ್ರೂಡ್ರೈವರ್ ತನ್ನಿ.